ಸತ್ತ ಮೇಲೆ ಬಂದ ಕಿವುಡು

ಆ ಊರಿನಲ್ಲಿ ಸುದ್ದಿಗೆ ಅಂತಲೇ ಒಂದು ಮನೆ ಇತ್ತು. ಗೋಡೆಗೆ ಬಣ್ಣ, ನೆಲಕ್ಕೆ ನಯವಾದ ಕಲ್ಲು, ತಲೆಯ ಮೇಲೆ ಫ್ಯಾನು. ಒಳಗೆ ಕಬ್ಬಿಣದ ಗೂಡಿನಲ್ಲಿ ಟಿವಿ. ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ‘ಮಾಹಿತಿ ಮನೆ. ಇದು ಎಲ್ಲರದು.’ ಬರೆಸಿದವನು ಊರ ಸಮಿತಿಯ ಅಧ್ಯಕ್ಷ. ಎಲ್ಲರೂ ಅಂದರೆ ಯಾರು ಯಾರು ಅಂತ ಬರೆಸಲು ಬಾಗಿಲ ಮೇಲೆ ಜಾಗ ಸಾಲಲಿಲ್ಲ. ಬರೆಸದಿದ್ದರೂ ಊರಿಗೆ ಗೊತ್ತಿತ್ತು.

ಮೇಲಿನ ಓಣಿಯವರು ಒಳಗೆ ಬೆಂಚಿನ ಮೇಲೆ ಕೂತು ನೋಡುತ್ತಿದ್ದರು. ಕೆಳಗಿನ ಓಣಿಯವರು ಹೊರಗೆ ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು. ಕಿಟಕಿ ಎತ್ತರ. ಕಲ್ಲು ಹಾಕಿಕೊಂಡು ಹತ್ತಬೇಕು. ಹತ್ತಿದರೂ ಟಿವಿಯ ಎಡಗಡೆಯ ಅರ್ಧ ಮಾತ್ರ ಕಾಣುತ್ತಿತ್ತು. ನಾಯಕಿ ಎಡಕ್ಕೆ ನಿಂತರೆ ಇಡೀ ಊರಿಗೆ ನಾಯಕಿ, ಬಲಕ್ಕೆ ಸರಿದರೆ ಮೇಲಿನ ಓಣಿಗೆ ಮಾತ್ರ. ಎಷ್ಟೋ ಸಿನಿಮಾಗಳಲ್ಲಿ ಕೆಳಗಿನ ಓಣಿಯವರು ಹೊಡೆಯುವವನನ್ನು ನೋಡಿದ್ದರು, ಹೊಡೆಸಿಕೊಂಡವನು ಯಾರು ಅಂತ ನೋಡಿರಲಿಲ್ಲ. ಅದಕ್ಕೇನು ಟಿವಿ ಬೇಕಿರಲಿಲ್ಲ ಅನ್ನಿ.

ತಮ್ಮ ಮನೆಯಲ್ಲೇ ನೋಡಬಹುದಿತ್ತಲ್ಲ ಅಂತ ಯಾರಾದರೂ ಕೇಳಬಹುದು. ಕೆಳಗಿನ ಓಣಿಗೆ ಕರೆಂಟಿನ ಕಂಬ ಬಂದಿತ್ತು. ತಂತಿ ಬಂದಿರಲಿಲ್ಲ. ಮೊಬೈಲು ಒಂದೆರಡು ಮನೆಯಲ್ಲಿದ್ದವು. ಚಾರ್ಜು ಮಾಡಿಸಲು ಮೇಲಿನ ಓಣಿಯ ಅಂಗಡಿಯ ಮುಂದೆ ಕೈಕಟ್ಟಿ ನಿಲ್ಲಬೇಕಿತ್ತು. ಚಾರ್ಜಾದ ಮೇಲೂ ಓಣಿಗೆ ಇಳಿಯುತ್ತಿದ್ದ ಹಾಗೆ ಸಿಗ್ನಲ್ಲು ಹಿಂದೆ ಉಳಿಯುತ್ತಿತ್ತು. ಯಾರ ಮನೆಗೆ ಹೋಗಬೇಕು, ಯಾರ ಮನೆಗೆ ಹೋಗಬಾರದು ಅಂತ ಸಿಗ್ನಲ್ಲಿಗೂ ಗೊತ್ತಿತ್ತು.

ಟಿವಿ ಗೂಡಿನ ಬೀಗದ ಕೈ, ರಿಮೋಟು, ಮೈಕು, ಮೂರೂ ಒಬ್ಬನ ಕೈಯಲ್ಲಿ. ಊರು ಅವನನ್ನು ರಿಮೋಟು ಅಂತಲೇ ಕರೆಯುತ್ತಿತ್ತು. ಅಧ್ಯಕ್ಷನ ತಂಗಿಯ ಗಂಡ. ಅವನಿಗೆ ಬೇರೆ ಯಾವ ಕೆಲಸವೂ ಬರುತ್ತಿರಲಿಲ್ಲ. ಹಾಗಾಗಿ ಊರಿಗೆ ತಿಳಿವಳಿಕೆ ಹಂಚುವ ಕೆಲಸ ಕೊಟ್ಟಿದ್ದರು.

ದಿನಾ ಬೆಳಿಗ್ಗೆ ಆ ಮನೆಯೊಳಗೆ ಮೊದಲು ಕಾಲಿಡುತ್ತಿದ್ದವಳು ಕೆಳಗಿನ ಓಣಿಯ ಹೆಂಗಸು. ಗುಡಿಸೋಳು ಅಂತಿದ್ದರು. ಹುಟ್ಟಿದಾಗ ಅಪ್ಪ ಅಮ್ಮ ಬೇರೆ ಹೆಸರಿಟ್ಟಿದ್ದರು, ಅದನ್ನು ಕೇಳುವ ತಾಪತ್ರಯ ಯಾರೂ ತೆಗೆದುಕೊಂಡಿರಲಿಲ್ಲ. ಅವಳು ಬಗ್ಗಿ ಬೆಂಚಿನ ಕೆಳಗಿನ ಕಡಲೆಕಾಯಿ ಸಿಪ್ಪೆ ಬಾಚುತ್ತಿದ್ದಳು. ಮೂಲೆಯ ಉಗುಳನ್ನು ತಗಡಿನಿಂದ ಕೆರೆಯುತ್ತಿದ್ದಳು. ಮಂಡಿಯೂರಿ ಕಲ್ಲು ಉಜ್ಜುತ್ತಿದ್ದಳು. ಕೊನೆಗೆ ರಿಮೋಟು ಗೂಡಿನ ಬೀಗ ತೆಗೆದರೆ ಟಿವಿಯ ಗಾಜು ಒರೆಸುತ್ತಿದ್ದಳು. ಆರಿದ ಟಿವಿಯ ಮೈಯೆಲ್ಲ ಮುಟ್ಟಬಹುದಿತ್ತು. ಹತ್ತಿದ ಟಿವಿಯ ಮುಂದೆ ಕೂರುವ ಹಾಗಿರಲಿಲ್ಲ.

ಅವಳ ಗಂಡನನ್ನು ಊರು ಮುಳುಗ ಅನ್ನುತ್ತಿತ್ತು. ಕಾಲುವೆ, ತೂಬು, ಮೋರಿ ಎಲ್ಲಿ ಕಟ್ಟಿಕೊಂಡರೂ ಇಳಿಯುವವನು ಅವನೇ. ಮೂಗಿನ ತನಕ ಕೆಸರಲ್ಲಿ ನಿಂತು, ಒಳಗೆ ಕೈ ಹಾಕಿ, ಸತ್ತ ಹಂದಿಯೋ ಮರದ ಬೊಡ್ಡೆಯೋ ಯಾರದೋ ಹಳೇ ಹಾಸಿಗೆಯೋ, ಏನಿದ್ದರೂ ಎಳೆದು ಹಾಕುತ್ತಿದ್ದ. ಮೇಲೆ ಬಂದವನ ಹತ್ತಿರ ಯಾರೂ ನಿಲ್ಲುತ್ತಿರಲಿಲ್ಲ. ದೂರದಿಂದಲೇ “ಭೇಷ್” ಅಂತಿದ್ದರು. ಮುಳುಗ ನಗುತ್ತಿದ್ದ. “ಭೇಷ್ ಅನ್ನೋದಕ್ಕೆ ಮೂಗು ಮುಚ್ಕೋಬೇಕಾ ಇವ್ರು?” ಅಂತ ಹೆಂಡತಿಯ ಹತ್ತಿರ ಹೇಳಿ ಇನ್ನೊಂದು ಸಲ ನಗುತ್ತಿದ್ದ.

ಮಾಹಿತಿ ಮನೆಯ ಚಾವಣಿಯ ಮೇಲೆ ಎರಡು ಹಾರ್ನುಗಳಿದ್ದವು. ಒಂದು ಮೇಲಿನ ಓಣಿಗೆ, ಇನ್ನೊಂದು ಕೆಳಗಿನ ಓಣಿಗೆ. ಬೆಳಗಿನ ಹಾಡು, ಬೆಲೆ, ಹವೆ, ಲಸಿಕೆ, ಏನಿದ್ದರೂ ಅದರಲ್ಲಿ ಬರುತ್ತಿತ್ತು. ಆಮೇಲೆ ಅಧ್ಯಕ್ಷ ಊರಾಚೆ ದಿಬ್ಬದ ಮೇಲೆ ಹೊಸ ಮನೆ ಕಟ್ಟಿಸಿದ. ಹೊಸ ಮನೆಗೆ ಹಾಡು ಸರಿಯಾಗಿ ಕೇಳಿಸುತ್ತಿಲ್ಲ ಅಂತ ಅವನ ಹೆಂಡತಿ ಮುಖ ಊದಿಸಿಕೊಂಡಳು. ರಿಮೋಟು ಏಣಿ ಹಾಕಿ ಕೆಳಗಿನ ಓಣಿಯ ಹಾರ್ನನ್ನು ದಿಬ್ಬದ ಕಡೆ ತಿರುಗಿಸಿದ.

ಗುಡಿಸೋಳು ಏಣಿ ಹಿಡಿದುಕೊಂಡಿದ್ದಳು. “ನಮಗೆ ಇನ್ನು ಕೇಳಲ್ವಲ್ಲ ಅಣ್ಣಾ?” ಅಂದಳು.

“ನಿಮಗೆ ಕೇಳಿ ಏನಾಗ್ಬೇಕು? ಹಾಡು ಕೇಳ್ತಾ ಕೂತ್ರೆ ಮೋರಿ ಯಾರು ಬಾಚ್ತಾರೆ? ಏಣಿ ಗಟ್ಟಿ ಹಿಡ್ಕೋ.”

ಅವಳು ಗಟ್ಟಿಯಾಗಿ ಹಿಡಿದುಕೊಂಡಳು.

ಮಳೆಗಾಲದ ಒಂದು ಬೆಳಿಗ್ಗೆ ಅಧ್ಯಕ್ಷ ತಾನೇ ಮೋಟರು ಬೈಕಿನಲ್ಲಿ ಕೆಳಗಿನ ಓಣಿಗೆ ಬಂದ. ರಸ್ತೆಯ ಕೆಳಗಿನ ತೂಬು ಕಟ್ಟಿಕೊಂಡಿದೆ, ತನ್ನ ಗದ್ದೆಗೆ ನೀರು ಹರಿಯುತ್ತಿಲ್ಲ, ಈಗಲೇ ಇಳಿಯಬೇಕು ಅಂದ. ಮುಳುಗ ಇಳಿದ. ಒಳಗಿನಿಂದ ಹೂಳು ತುಂಬಿ ಪುಟ್ಟಿ ತಳ್ಳುತ್ತಿದ್ದ. ಗುಡಿಸೋಳು ಆ ಪುಟ್ಟಿ ತಲೆಯ ಮೇಲೆ ಹೊತ್ತು ದಂಡೆ ಹತ್ತಿ, ಓಣಿ ದಾಟಿ, ಆಚೆಯ ಗುಂಡಿಗೆ ಸುರಿದು ಬರುತ್ತಿದ್ದಳು. ಕೊಳೆನೀರು ಹಣೆಯಿಂದ ಕಣ್ಣಿಗೆ, ಕಣ್ಣಿನಿಂದ ಬಾಯಿಗೆ ಇಳಿಯುತ್ತಿತ್ತು. ಪ್ರತಿ ಸಲ ಬಂದಾಗಲೂ ತೂಬಿನ ಬಾಯಿಗೆ ಬಗ್ಗಿ “ಏಯ್” ಅಂತಿದ್ದಳು. ಒಳಗಿನಿಂದ “ಓ” ಅಂತಿದ್ದ.

ಅದೇ ಹೊತ್ತಿಗೆ ಮಾಹಿತಿ ಮನೆಗೆ ಸುದ್ದಿ ಬಂತು. ಮೇಲಿನ ಅಣೆಕಟ್ಟೆ ತುಂಬಿದೆ, ನೀರು ಬಿಡುತ್ತಿದ್ದಾರೆ, ಕಾಲುವೆಯ ಹತ್ತಿರ ಯಾರೂ ಹೋಗಬೇಡಿ. ರಿಮೋಟು ಮೈಕು ಹಿಡಿದು ಮತ್ತೆ ಮತ್ತೆ ಕೂಗಿದ. ಕರ್ತವ್ಯದಲ್ಲಿ ಅವನನ್ನು ಯಾರೂ ಬೆರಳು ಮಾಡಿ ತೋರಿಸುವ ಹಾಗಿಲ್ಲ. ಮೇಲಿನ ಓಣಿಯವರು ದನ ಹೊಡೆದುಕೊಂಡು ಬಂದರು. ಒಣಗಲು ಹಾಕಿದ್ದ ಬಟ್ಟೆ ತಂದರು. ದಿಬ್ಬದ ಮನೆಗಂತೂ ಎರಡೂ ಕಿವಿ ತುಂಬ ಕೇಳಿಸಿತು. ಅಧ್ಯಕ್ಷ ಆಳನ್ನು ಓಡಿಸಿ, ಕಾಲುವೆಯ ದಂಡೆಯ ಮೇಲೆ ತೊಳೆದು ಹರವಿದ್ದ ತನ್ನ ಮನೆಯ ಜಮಖಾನೆಯನ್ನು ತರಿಸಿಕೊಂಡ.

ಗುಡಿಸೋಳು ಖಾಲಿ ಪುಟ್ಟಿ ಹಿಡಿದು ವಾಪಸು ಬಂದಳು. ತೂಬಿನ ಬಾಯಿ ಕಾಣಲಿಲ್ಲ. ಅಲ್ಲಿ ನೀರಿತ್ತು. ಕೆಂಪು ನೀರು, ದಂಡೆಯ ತನಕ. “ಏಯ್” ಅಂದಳು. ಮತ್ತೆ “ಏಯ್” ಅಂದಳು. ಪುಟ್ಟಿ ಇನ್ನೂ ಕೈಯಲ್ಲೇ ಇತ್ತು.

ಮರುದಿನ ನೀರು ಇಳಿದ ಮೇಲೆ ಹೆಣ ತೆಗೆಯಬೇಕಿತ್ತು. ತೂಬಿಗೆ ಇಳಿಯುವವನು ಊರಿಗೆ ಒಬ್ಬನೇ ಇದ್ದ, ಅವನು ಆಗಲೇ ಒಳಗಿದ್ದ. ಕೊನೆಗೆ ಗುಡಿಸೋಳೇ ಇಳಿದಳು. ಓಣಿಯವರೆಲ್ಲ ಮಾವ ಅನ್ನುತ್ತಿದ್ದ, ಚಪ್ಪಲಿ ಹೊಲಿಯುವ ಮುದುಕ ಅವಳ ಸೊಂಟಕ್ಕೆ ಹಗ್ಗ ಕಟ್ಟಿ ಮೇಲೆ ನಿಂತ. ಒಳಗೆ ಕೈಯಾಡಿಸಿದಳು. ಕಾಲು ಸಿಕ್ಕಿತು. ಎಳೆದಳು.

ಅವತ್ತು ಸಂಜೆ ಮಾಹಿತಿ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಊರು ಮೊದಲ ಸಲ ಟಿವಿಯಲ್ಲಿ ಬರುವುದಿತ್ತು. ಗಂಡನನ್ನು ಮಣ್ಣು ಮಾಡಿ ಬಂದ ಕೈಯಲ್ಲೇ ಗುಡಿಸೋಳು ಕಿಟಕಿಯ ಕಲ್ಲು ಹತ್ತಿದಳು. ಅವಳ ಅತ್ತೆಗೆ, ಮುಳುಗನ ತಾಯಿಗೆ, ಹತ್ತಲು ಆಗುತ್ತಿರಲಿಲ್ಲ. ಕೆಳಗೆ ಗೋಡೆಗೆ ಕಿವಿ ಹಚ್ಚಿ ನಿಂತಳು.

ತೂಬು ಕಂಡಿತು. ಒಳಗೆ ಶಿಳ್ಳೆ ಬಿತ್ತು. “ನಮ್ಮ ರಸ್ತೆ ಕಣ್ರೋ! ನೋಡ್ರೋ ನಮ್ಮ ಬೇಲಿ!” ಅಧ್ಯಕ್ಷ ಕಂಡ. ಇನ್ನೂ ಜೋರು ಶಿಳ್ಳೆ. ಟಿವಿಯ ಅಧ್ಯಕ್ಷ ಮುಖ ಸಣ್ಣ ಮಾಡಿಕೊಂಡು, “ನಾವು ಹಾರ್ನಿನಲ್ಲಿ ಕೂಗಿ ಕೂಗಿ ಹೇಳಿದ್ವಿ. ಏನ್ಮಾಡೋದು, ಕೆಲವರು ಕಿವಿಗೆ ಹಾಕ್ಕೊಳ್ಳೋದಿಲ್ಲ” ಅಂದ. ಸುದ್ದಿ ಓದುವ ಹುಡುಗಿ ಚಂದವಾಗಿ ಮುಗಿಸಿದಳು: “ಮುನ್ನೆಚ್ಚರಿಕೆಯನ್ನು ಕಡೆಗಣಿಸಿ ಕಾಲುವೆಗೆ ಇಳಿದ ಕಾರ್ಮಿಕ ನೀರುಪಾಲು. ಈಗ ಕ್ರೀಡೆ.”

“ಏನಂದ್ಳೇ?” ಅತ್ತೆ ಕೆಳಗಿನಿಂದ ಕೇಳಿದಳು.

“ನಿಮ್ಮ ಮಗ ಹೇಳಿದ ಮಾತು ಕೇಳ್ಲಿಲ್ವಂತೆ.”

“ಯಾರು ಹೇಳಿದ್ರಂತೆ?”

“ಹಾರ್ನು.”

ಅತ್ತೆ ಚಾವಣಿ ನೋಡಿದಳು. ಹಾರ್ನು ಅತ್ತ ಕಡೆ ಮುಖ ಮಾಡಿ ಕೂತಿತ್ತು. “ಹಾಳಾದ್ದು, ಕುಂಡಿ ತೋರಿಸ್ಕೊಂಡು ಹೇಳಿತೇನೇ?” ಅಂದಳು.

ಕೆಲವು ದಿನ ಕಳೆದು ಗುಡಿಸೋಳು ಕಸ ಗುಡಿಸಲು ಹೋದಾಗ ಅಧ್ಯಕ್ಷ ಅಲ್ಲೇ ಕೂತಿದ್ದ. ಅವಳು ಪೊರಕೆ ಗೋಡೆಗೆ ಒರಗಿಸಿದಳು. “ಅವರನ್ನ ಇಳಿಸಿದವರು ನೀವೇ. ನೀರು ಬರುತ್ತೆ ಅಂತ ನಿಮಗೆ ಗೊತ್ತಾಯ್ತು. ಯಾರನ್ನಾದ್ರೂ ಕಳಿಸಿ ಒಂದು ಮಾತು ಹೇಳಿಸಬಹುದಿತ್ತಲ್ಲ?”

“ಅಷ್ಟು ದೊಡ್ಡ ಹಾರ್ನು ಕೂಗ್ತಿರುವಾಗ ಆಳು ಯಾಕಮ್ಮ?”

“ನಮ್ಮ ಕಡೆ ಕೇಳಿಸಲ್ಲ.”

ಅಧ್ಯಕ್ಷ ಸ್ವಲ್ಪ ಯೋಚನೆ ಮಾಡಿದ. ಮುಖ ಅರಳಿತು. “ಅವನಿಗೆ ಕಿವಿ ಮಂದ ಇತ್ತು, ಅಲ್ವಾ?”

“ಇಲ್ಲ.”

“ಇತ್ತಮ್ಮ. ನೀರಲ್ಲಿ ಮುಳುಗಿ ಮುಳುಗಿ ಹೋಗಿರುತ್ತೆ. ಪಾಪ, ನಿನಗೇ ಗೊತ್ತಾಗಿಲ್ಲ.”

ಸಂಜೆಯ ಹೊತ್ತಿಗೆ ಮುಳುಗನಿಗೆ ಕಿವುಡು ಬಂತು. ಸತ್ತವನಿಗೆ ಕಾಯಿಲೆ ಇಷ್ಟು ಬೇಗ ಹರಡುವುದನ್ನು ಯಾವ ವೈದ್ಯನೂ ಕಂಡಿರಲಿಕ್ಕಿಲ್ಲ. ಅಂಗಡಿಯವನು, ತಾನು ಕರೆದರೂ ಮುಳುಗ ತಿರುಗಿ ನೋಡದೆ ಹೋದದ್ದನ್ನು ನೆನಪು ಮಾಡಿಕೊಂಡ. ಬೈದರೂ ನಗುತ್ತಿದ್ದನಲ್ಲ, ಕೇಳಿಸದೆ ಇರುವುದಕ್ಕೇ ನಗುತ್ತಿದ್ದ ಅಂತ ರಿಮೋಟು ಪತ್ತೆ ಮಾಡಿದ. ಮುಳುಗ ಬದುಕಿದ್ದಾಗ ಅವನ ಮೈ ಕೈ ಕಡೆ ಕಣ್ಣೆತ್ತಿ ನೋಡದಿದ್ದ ಊರು ಈಗ ಅವನ ಕಿವಿಯ ಬಗ್ಗೆ ಇಷ್ಟೊಂದು ಕಾಳಜಿ ವಹಿಸಿತು. ಗುಡಿಸೋಳಿಗೆ ಹೊಸ ಹೆಸರು ಬಿತ್ತು, ಕಿವುಡನ ಹೆಂಡತಿ. ಗಂಡ ಇದ್ದಾಗ ಗಂಡನ ಹೆಸರಿನಿಂದ ಕರೆಸಿಕೊಳ್ಳುವ ಭಾಗ್ಯ ಅವಳಿಗೆ ಇರಲಿಲ್ಲ.

ಸುಳ್ಳು ಹೇಳಿ ತಪ್ಪಿಸಿಕೊಂಡರೆ ಸಾಕು ಅಂತ ಬೇರೆಯವರಾಗಿದ್ದರೆ ಸುಮ್ಮನಾಗುತ್ತಿದ್ದರು. ಅಧ್ಯಕ್ಷನಿಗೆ ಬಹುಮಾನವೂ ಬೇಕಿತ್ತು. ಹಳ್ಳಿ ಮನೆಗಳಿಗೆ ಸುದ್ದಿ, ತಿಳಿವಳಿಕೆ, ಮನರಂಜನೆ ಹೇಗೆ ತಲುಪುತ್ತಿದೆ ಅಂತ ಮೇಲಿನವರು ಒಂದು ಚಿತ್ರ ಮಾಡಿಸುತ್ತಿದ್ದರು. ಇಂಥ ಮನೆ ಇರುವ ಊರು ಬೇರೆ ಇಲ್ಲ ಅಂತ ಅಧ್ಯಕ್ಷ ಓಡಾಡಿ ಹೇಳಿಬಂದ. ಒಂದು ದಿನ ಕ್ಯಾಮೆರಾ, ದೀಪ, ಛತ್ರಿ ಎಲ್ಲಾ ಹೊತ್ತು ಚಿತ್ರದವನು ಬಂದ. ಕೆಟ್ಟವನಲ್ಲ. ಎಲ್ಲರಿಗೂ ‘ಅಮ್ಮ’, ‘ಅಪ್ಪಾ’ ಅಂತಿದ್ದ. ಬೆಂಚಿನಲ್ಲಿ ಕೂತ ಮೇಲಿನ ಓಣಿಯವರನ್ನು ನೋಡಿ ತಲೆ ಅಲ್ಲಾಡಿಸಿದ.

“ಇವರು ಬೇಡ. ತುಂಬಾ ಚೆನ್ನಾಗಿ ಕಾಣ್ತಾರೆ. ಬಡವರು ಯಾರೂ ಇಲ್ವಾ?”

ಬಡವರಿಗೆ ಕೊರತೆಯೇ? ರಿಮೋಟು ಕೆಳಗಿನ ಓಣಿಗೆ ಓಡಿಬಂದ. ಆ ಓಣಿಗೆ ಅವನು ಓಡಿಬಂದದ್ದು ಅದೇ ಮೊದಲು. ಒಂದು ಮಾತು ಹೇಳಲು ಇಲ್ಲಿಗೆ ಓಡಿಬರಬಹುದು ಅನ್ನುವುದು ಆ ದಿನ ಎಲ್ಲರಿಗೂ ಗೊತ್ತಾಯಿತು.

“ಎಲ್ಲರೂ ಮೈ ತೊಳ್ಕೊಂಡು ಬನ್ನಿ. ಒಳಗೆ ಕೂರಬಹುದು ಇವತ್ತು. ಬಟ್ಟೆ ಹರಿದಿರ್ಲಿ ಪರವಾಗಿಲ್ಲ, ಚಿತ್ರಕ್ಕೆ ಒಳ್ಳೇದೇ. ವಾಸನೆ ಬರ್ಬಾರ್ದು.”

“ಚಿತ್ರದಲ್ಲಿ ವಾಸನೆ ಬರುತ್ತೇನಪ್ಪಾ?” ಅತ್ತೆ ಕೇಳಿದಳು.

ಹೋದರು. ಬೆಂಚಿನ ಮೇಲೆ ಕೂತರು. ಹೇಗೆ ಕೂರಬೇಕು ಅಂತ ಗೊತ್ತಾಗದೆ ಕೆಲವರು ಅಂಚಿನಲ್ಲಿ ಕುಂಡಿಯ ಕಾಲುಭಾಗ ಮಾತ್ರ ಊರಿದರು. ಮುಖ ಚೆನ್ನಾಗಿದೆ ಅಂತ ಚಿತ್ರದವನು ಗುಡಿಸೋಳನ್ನು ಮುಂದೆ ಕೂರಿಸಿದ. ಟಿವಿ ಹತ್ತಿತು. ಎಡಕ್ಕೂ ಬಲಕ್ಕೂ ಒಟ್ಟಿಗೆ ಕಂಡಿತು. ಇಷ್ಟು ಅಗಲವಾ ಇದು ಅಂತ ಅವಳಿಗೆ ಅನಿಸಿತು.

“ಅಮ್ಮ, ನೀವು ಹೀಗೆ ಹೇಳ್ಬೇಕು: ‘ನಮ್ಮೂರಲ್ಲಿ ಎಲ್ಲಾ ಸುದ್ದಿನೂ ಎಲ್ಲರಿಗೂ ತಲುಪುತ್ತೆ.’ ಹೇಳಿ ನಗಬೇಕು. ಎಲ್ಲಿ, ಹೇಳಿ.”

“ನಮ್ಮೂರಲ್ಲಿ ಎಲ್ಲಾ ಸುದ್ದಿನೂ ಎಲ್ಲರಿಗೂ ತಲುಪುತ್ತೆ,” ಅಂದಳು ಗುಡಿಸೋಳು. “ನನ್ನ ಗಂಡನಿಗೆ ತಲುಪಲಿಲ್ಲ.”

“ಅಲ್ಲಲ್ಲ. ಮೊದಲ ಭಾಗ ಸಾಕು. ಇನ್ನೊಂದ್ಸಲ.”

“ನಮ್ಮೂರಲ್ಲಿ ಎಲ್ಲಾ ಸುದ್ದಿನೂ ಎಲ್ಲರಿಗೂ ತಲುಪುತ್ತೆ. ನಾವು ಕಿಟಕಿಯಿಂದ ನೋಡ್ತೀವಿ.”

“ಅಮ್ಮ, ಕಿಟಕಿ ಬೇಡಮ್ಮ.”

“ನಮಗೂ ಬೇಡ.”

ಹಿಂದಿನ ಬೆಂಚಿನಲ್ಲಿ ಚಪ್ಪಲಿ ಮಾವ ಕಿಸಕ್ಕನೆ ನಕ್ಕ. ಅಧ್ಯಕ್ಷ ಬಾಗಿಲಲ್ಲಿ ನಿಂತು ಹಲ್ಲು ಕಾಣುವ ಹಾಗೆ ನಗುತ್ತಿದ್ದ, ಕಣ್ಣು ಮಾತ್ರ ನಗುತ್ತಿರಲಿಲ್ಲ. ಚಿತ್ರದವನು ಅವನನ್ನು ನೋಡಿದ. ಗಡಿಯಾರ ನೋಡಿಕೊಂಡ. ಬಾಯಿ ಆಡಿದ್ದು ಸಾಕು, ಉಳಿದದ್ದು ಆಮೇಲೆ ಸರಿ ಮಾಡಿಕೊಳ್ಳಬಹುದು ಅಂತ ಜೊತೆಯವನಿಗೆ ಮೆಲ್ಲಗೆ ಹೇಳಿ ಸಾಮಾನು ಕಟ್ಟಿದ.

ಗಾಡಿಯ ಸದ್ದು ದೂರವಾಯಿತು. ರಿಮೋಟು ಚಪ್ಪಾಳೆ ತಟ್ಟಿದ. “ಆಯ್ತು. ಏಳಿ, ಏಳಿ.”

ಅಂಚಿನಲ್ಲಿ ಕೂತವರು ಎದ್ದರು. ಗುಡಿಸೋಳು ಏಳಲಿಲ್ಲ. “ಸುದ್ದಿ ಹಾಕಣ್ಣ,” ಅಂದಳು.

“ಏನು?”

“ಸುದ್ದಿ. ಎಲ್ಲರಿಗೂ ತಲುಪುತ್ತೆ ಅಂತ ಈಗ ತಾನೇ ನನ್ನ ಕೈಲಿ ಹೇಳಿಸಿದ್ರಲ್ಲ. ತಲುಪ್ಲಿ. ಕೂತಿದೀನಿ.”

ರಿಮೋಟು ಟಿವಿ ಆರಿಸಿದ. ಅವಳು ಆರಿದ ಟಿವಿಯನ್ನೇ ನೋಡುತ್ತ ಕೂತಳು. ಎದ್ದು ನಿಂತಿದ್ದ ಅತ್ತೆ ಸೊಸೆಯ ಪಕ್ಕದಲ್ಲಿ ಕೂತಳು. ಚಪ್ಪಲಿ ಮಾವ ಕೂತ. ಒಬ್ಬೊಬ್ಬರೇ ಕೂತರು, ಈ ಸಲ ಪೂರ್ತಿ ಕೂತರು. ರಿಮೋಟು ಒಳಗಿನಿಂದ ಬಕೆಟ್ಟು ನೀರು ತಂದು ಅವರ ಕಾಲಬುಡಕ್ಕೆ ಎರಚಿದ. ಗುಡಿಸೋಳ ಬಟ್ಟೆ ಮಂಡಿಯ ತನಕ ನೆನೆಯಿತು.

“ನೆಲ ತೊಳೀಬೇಕು. ಏಳ್ರಿ!”

“ತೊಳೆಯೋಳು ನಾನು,” ಅಂದಳು ಅವಳು. “ನಾನು ಇವತ್ತು ತೊಳೆಯಲ್ಲ.”

ರಿಮೋಟು ಬಕೆಟ್ಟು ಹಿಡಿದು ಅಧ್ಯಕ್ಷನ ಮುಖ ನೋಡಿದ. ಕೈ ಮಾಡಿದರೆ ಚಿತ್ರದವನು ತಿರುಗಿ ಬಂದುಬಿಟ್ಟರೆ ಅನ್ನುವ ಭಯ ಅಧ್ಯಕ್ಷನಿಗೆ. ಇಬ್ಬರೂ ಹೊರಗೆ ನಿಂತರು. ಮಾಹಿತಿ ಮನೆಯ ಕಿಟಕಿಯಲ್ಲಿ ಆವತ್ತು ಮೇಲಿನ ಓಣಿಯವರ ಮುಖಗಳು ಕಂಡವು. ಕತ್ತಲಾಗುವ ಮೊದಲು ಅಡುಗೆ ಕೆಲಸಕ್ಕೆ ಅಂತ ಒಳಗೆ ಕೂತವರೇ ಎದ್ದು ಬಂದರು.

ಮಾರನೆಯ ದಿನ ಬಾಗಿಲಿಗೆ ಬೀಗ. ದುರಸ್ತಿ ಅಂತ ರಟ್ಟು ತೂಗುಹಾಕಿದ್ದರು. ಗುಡಿಸೋಳ ಕೆಲಸ ಹೋಯಿತು. ಮೇಲಿನ ಓಣಿಯ ಮನೆಗಳಲ್ಲಿ ಬೇರೆ ಟಿವಿಗಳಿದ್ದವು, ಅವರಿಗೆ ತೊಂದರೆ ಆಗಲಿಲ್ಲ. ಕೆಳಗಿನ ಓಣಿಗೆ ಅರ್ಧ ಟಿವಿಯೂ ಇಲ್ಲದಾಯಿತು. “ಸುಮ್ಮನೆ ಇದ್ದಿದ್ರೆ ಅರ್ಧನಾದ್ರೂ ಇರ್ತಿತ್ತು” ಅಂತ ಓಣಿಯಲ್ಲಿ ಕೆಲವರು ಅಂದರು. ಅವಳು ಇಟ್ಟಿಗೆ ಹೊರಲು ಹೋದಳು. ಸಂಜೆ ಬಂದು ಕತ್ತು ಒತ್ತಿಕೊಳ್ಳುತ್ತ ಆ ಮಾತು ಕೇಳಿಸಿಕೊಳ್ಳುತ್ತಿದ್ದಳು. ಅವಳ ಕಿವಿ ಚೆನ್ನಾಗಿಯೇ ಇತ್ತು.

ಬೀಗ ತೆಗೆದದ್ದು ಚಿತ್ರ ಟಿವಿಯಲ್ಲಿ ಬರುವ ದಿನ. ಮೇಲಿನಿಂದ ಅಧಿಕಾರಿ ಬರುತ್ತಿದ್ದಳು, ಊರ ಜನರ ಜೊತೆಯಲ್ಲೇ ಕೂತು ನೋಡುತ್ತಾಳಂತೆ. ಊರ ಜನ ಅಂದಮೇಲೆ ಇವರನ್ನೂ ಕರೆಯಲೇಬೇಕಾಯಿತು. ಹಿಂದಿನ ಗೋಡೆಯ ಹತ್ತಿರ ನಿಲ್ಲಿಸಿದರು. ಅಧಿಕಾರಿಗೆ ಮೆತ್ತನೆಯ ಕುರ್ಚಿ, ಕಾಲ ಕೆಳಗೆ ಅಧ್ಯಕ್ಷನ ಮನೆಯ ಜಮಖಾನೆ. ಗುಡಿಸೋಳು ಅದನ್ನು ಗುರುತು ಹಿಡಿದಳು. ಪುಟ್ಟಿ ಹೊರುವಾಗ ಅದು ದಂಡೆಯ ಮೇಲೆ ಹರವಿದ್ದನ್ನು ನೋಡಿದ್ದಳು, ಆಳು ಎತ್ತಿಕೊಂಡು ಹೋದದ್ದನ್ನು ಆಮೇಲೆ ಊರ ಬಾಯಲ್ಲಿ ಕೇಳಿದ್ದಳು. ಅವತ್ತು ನೀರಿನಿಂದ ಬದುಕಿ ಬಂದದ್ದು.

ಚಿತ್ರ ಶುರುವಾಯಿತು. ಬಾಗಿಲ ಮೇಲಿನ ಬರಹ, ಹಾರ್ನು, ರಿಮೋಟು ಮೈಕು ಹಿಡಿದ ಭಂಗಿ. ಕೊನೆಗೆ ಗುಡಿಸೋಳ ಮುಖ, ಟಿವಿಯ ತುಂಬ. ಬಾಯಿ ತೆರೆದಳು. ಸಕ್ಕರೆಯಂಥ ಧ್ವನಿ ಬಂತು.

“ನಮ್ಮೂರಲ್ಲಿ ಎಲ್ಲಾ ಸುದ್ದಿನೂ ಎಲ್ಲರಿಗೂ ತಲುಪುತ್ತೆ. ನಮ್ಮ ಅಧ್ಯಕ್ಷರು ನಮ್ಮನ್ನು ಮನೆಮಕ್ಕಳ ಹಾಗೆ ನೋಡಿಕೊಳ್ತಾರೆ.”

ಬೆಂಚುಗಳು ಚಪ್ಪಾಳೆ ತಟ್ಟಿದವು. ಅತ್ತೆ ಸೊಸೆಯ ತೋಳು ಹಿಡಿದಳು.

“ಯಾರೇ ಅವಳು, ನಿನ್ನ ಬಾಯೊಳಗೆ ಕೂತು ಮಾತಾಡ್ತಿರೋಳು?”

ಗುಡಿಸೋಳು ಬೆಂಚುಗಳ ನಡುವೆ ನಡೆದಳು. ಜಮಖಾನೆಯ ಮೇಲೆ ಕಾಲಿಟ್ಟಳು. ಬರಿಗಾಲು, ಇಟ್ಟಿಗೆಯ ಕೆಂಪು ಧೂಳು. ಗೋಡೆಯ ಪ್ಲಗ್ಗು ಕಿತ್ತಳು. ಟಿವಿ ಆರಿತು. ಅದರ ಮುಂದೆ, ಜನರ ಕಡೆ ತಿರುಗಿ ನಿಂತಳು. ಧ್ವನಿ ಒರಟಾಗಿತ್ತು, ಆದರೆ ಅವಳದ್ದೇ ಆಗಿತ್ತು.

“ಈಗ ಸುದ್ದಿ. ನನ್ನ ಗಂಡ ಕಿವುಡನಲ್ಲ. ನಾನು ಏಯ್ ಅಂದ್ರೆ ತೂಬಿನ ಒಳಗಿಂದ ಓ ಅಂತಿದ್ರು. ಅವರನ್ನ ಇಳಿಸಿದ್ದು ಅಧ್ಯಕ್ಷರು. ಹಾರ್ನು ಅಧ್ಯಕ್ಷರ ಮನೆ ಕಡೆ ಇತ್ತು. ನೀರು ಬರುತ್ತೆ ಅಂತ ಗೊತ್ತಾದ ತಕ್ಷಣ ಅಧ್ಯಕ್ಷರು ದಂಡೆಯಿಂದ ಜಮಖಾನೆ ತೆಗೆಸಿದ್ರು. ಇದೇ ಜಮಖಾನೆ. ನನ್ನ ಗಂಡನ್ನ ತೆಗೆಸ್ಲಿಲ್ಲ. ಅವರನ್ನ ನಾನು ತೆಗೆದೆ, ಕಾಲು ಹಿಡಿದು.”

ಅಧಿಕಾರಿ ಮೆಲ್ಲಗೆ ಜಮಖಾನೆಯಿಂದ ಕಾಲು ಎತ್ತಿಕೊಂಡಳು.

“ತಲೆ ಕೆಟ್ಟಿದೆ ಮೇಡಂ ಇವಳಿಗೆ,” ಅಂದ ಅಧ್ಯಕ್ಷ. “ಗಂಡ ಹೋದಾಗಿನಿಂದ ಹೀಗೆ. ಏಯ್, ಪ್ಲಗ್ಗು ಹಾಕೋ!”

ರಿಮೋಟು ಎದ್ದ. ಚಪ್ಪಲಿ ಮಾವ ಹಿಂದಿನಿಂದ ಬಂದು ಪ್ಲಗ್ಗಿಗೆ ಬೆನ್ನು ಕೊಟ್ಟು ನಿಂತ. ಮುದುಕ. ತಳ್ಳಿದರೆ ಬೀಳುತ್ತಿದ್ದ. ಅವನ ಹಿಂದೆ ಇನ್ನಿಬ್ಬರು ಬಂದರು. ಆಮೇಲೆ ಓಣಿಯೇ ಬಂತು. ಅರ್ಧ ಟಿವಿ ಹೋಯಿತು ಅಂತ ಗೊಣಗಿದವರೂ ಅದರಲ್ಲಿದ್ದರು.

“ಎರಡನೇ ಸುದ್ದಿ ನಂದು,” ಅಂದ ಮಾವ. “ಹೋದ ವರ್ಷ ಲಸಿಕೆ ಹಾಕ್ತಾರೆ ಅಂತ ಇಲ್ಲಿ ಕೂಗಿದ್ರಂತೆ. ನಮಗೆ ಗೊತ್ತಾಗಲಿಲ್ಲ. ನನ್ನ ಮೊಮ್ಮಗಳ ಕಾಲು ಹೋಯ್ತು. ಮನೇಲಿದ್ದಾಳೆ. ಕಿಟಕಿ ಹತ್ತೋಕೆ ಅವಳಿಗಾಗಲ್ಲ.”

ಅವನ ಪಕ್ಕದವಳು ಬಾಯಿ ತೆರೆದಳು. ಅವಳ ಹಿಂದಿನವನು ತನ್ನ ಸರದಿಗೆ ಗಂಟಲು ಸರಿಮಾಡಿಕೊಂಡ. ಬೆಂಚಿನ ಮೇಲಿದ್ದವರು ಯಾರೂ ಶಿಳ್ಳೆ ಹಾಕಲಿಲ್ಲ. ಅಧ್ಯಕ್ಷ ಎದ್ದು, ಯಾರ ಕಡೆಯೂ ನೋಡದೆ, ಬಾಗಿಲ ಕಡೆ ಹೆಜ್ಜೆ ಇಟ್ಟ.

ಬಾಗಿಲಲ್ಲಿ ಅತ್ತೆ ಕೂತಿದ್ದಳು, ಕಾಲು ಚಾಚಿ, ಅಡ್ಡಲಾಗಿ.

“ಎಲ್ಲಿಗೆ ಸ್ವಾಮಿ ಹೊರಟ್ರಿ?” ಅಂದಳು. “ಕೂತ್ಕೊಳ್ಳಿ. ಇನ್ನೂ ಊರ ತುಂಬ ಸುದ್ದಿ ಇದೆ.”